ಪ್ಯಾಲಡಿನ್ ಇಲ್ಲದ ಗುಂಪಿಗೆ ಪ್ಯಾಲಡಿನ್‌ನ ಖಡ್ಗ ಸಿಕ್ಕರೆ: ಮಾಂತ್ರಿಕ ವಸ್ತುಗಳ ಮೇಲಿನ ನಿರ್ಬಂಧಗಳ ಬಗ್ಗೆ ಚರ್ಚೆ

ಮಣಿಪಾಲದ ಡಿಎಂ ಬರೆದದ್ದು:

ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸುವವರು) ಆಗಿ ನಾನು ನಡೆಸುವ ನಮ್ಮ ಗುಂಪು ಭಾನುವಾರಗಳಂದು ಮಣಿಪಾಲದಲ್ಲಿ ಸೇರಿ, ಮೇಜಿನ ಸುತ್ತ ಪಾತ್ರ ವಹಿಸಿ ದಾಳ ಉರುಳಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯನ್ನು 2014ರ ನಿಯಮಗಳಂತೆ ಆಡುತ್ತಿದೆ. ಪ್ಯಾಲಡಿನ್ (ಪ್ರತಿಜ್ಞೆಗೆ ಬದ್ಧನಾದ ಪವಿತ್ರ ಯೋಧ) ಪಾತ್ರವನ್ನು ಆಡುತ್ತಿದ್ದ ಗೆಳೆಯರು ಓದು ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ಅವರ ಪಾತ್ರಕ್ಕಾಗಿಯೇ ಕಥೆಯಲ್ಲಿ ಬಹಳ ಹಿಂದೆಯೇ ಸುಳಿವು ಬಿಟ್ಟಿದ್ದ ಹೋಲಿ ಅವೆಂಜರ್ ಖಡ್ಗ ಕಳೆದ ವಾರ ಉಳಿದವರ ಕೈಗೆ ಸಿಕ್ಕಿದೆ. ಈಗ ಗುಂಪಿನಲ್ಲಿರುವವರು ಒಬ್ಬ ಫೈಟರ್ (ಹೋರಾಟಗಾರ), ಒಬ್ಬ ರೋಗ್ (ಕಳ್ಳಚತುರ), ಒಬ್ಬ ವಿಝಾರ್ಡ್ (ಮಂತ್ರವಾದಿ) ಮತ್ತು ಒಬ್ಬ ಕ್ಲೆರಿಕ್ (ಪುರೋಹಿತ). ಎಲ್ಲರೂ ಹನ್ನೊಂದನೆಯ ಲೆವೆಲ್‌ನಲ್ಲಿದ್ದಾರೆ.

ನಿಯಮ ಸ್ಪಷ್ಟವಾಗಿದೆ. ಆ ಖಡ್ಗಕ್ಕೆ ಅಟ್ಯೂನ್ ಆಗಲು (ಅದರ ಶಕ್ತಿಯೊಡನೆ ಹೊಂದಿಕೊಳ್ಳಲು) ಪ್ಯಾಲಡಿನ್ ಆಗಿರಲೇಬೇಕು, ಅಟ್ಯೂನ್ ಆಗದವರ ಕೈಯಲ್ಲಿ ಅದು ಸಾಧಾರಣ ಖಡ್ಗವಷ್ಟೇ. ಫೈಟರ್ ಆಡುವವರು ಖಡ್ಗವನ್ನು ಎತ್ತಿಕೊಂಡು, ಒಂದು ಶಾರ್ಟ್ ರೆಸ್ಟ್ (ಆಟದೊಳಗಿನ ಕಿರು ವಿಶ್ರಾಂತಿ) ಪೂರ್ತಿ ಅದರ ಮೇಲೆ ಧ್ಯಾನವಿಟ್ಟು, "ಏನಾದರೂ ಅನುಭವಕ್ಕೆ ಬರುತ್ತದೆಯೇ?" ಎಂದು ಕೇಳಿದರು. "ಇಲ್ಲ" ಎಂದು ಹೇಳಬೇಕಾಗಿ ಬಂತು. ಆ ಒಂದು ಶಬ್ದದಿಂದ ಅಂದಿನ ಉತ್ಸಾಹವೆಲ್ಲ ಇಳಿದುಹೋಯಿತು. ಈ ನಿರ್ಬಂಧವನ್ನು ಪೂರ್ತಿ ತೆಗೆದುಹಾಕಿದರೆ ಖಡ್ಗದ ಗೌರವ ಹೋಗುತ್ತದೆ, ಹಾಗೆಯೇ ಉಳಿಸಿದರೆ ಅದು ಚೀಲದಲ್ಲಿನ ಭಾರವಾಗುತ್ತದೆ. ನೀವೆಲ್ಲ ನಿಮ್ಮ ನಿಮ್ಮ ಆಟಗಳಲ್ಲಿ ಇಂಥ ನಿರ್ಬಂಧಗಳನ್ನು ಹೇಗೆ ನಡೆಸುತ್ತೀರಿ ಎಂದು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕದ್ರಿಯ ನಿಯಮಪ್ರಿಯ ಬರೆದದ್ದು:

ನಿರ್ಬಂಧವನ್ನು ಸಡಿಲಿಸುವ ಮೊದಲು ಅದು ಯಾಕೆ ಹುಟ್ಟಿತು ಎಂದು ನೋಡುವುದು ಒಳ್ಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಮೂಲ ಆಟ 1974ರಲ್ಲಿ ಹೊರಬಂದಾಗ ಅದರಲ್ಲಿ ಇದ್ದದ್ದು ಮೂರೇ ವರ್ಗಗಳು: ಹೋರಾಟಗಾರ, ಮಂತ್ರವಾದಿ, ಕ್ಲೆರಿಕ್. ಮಂತ್ರವಾದಿಗೆ ಕಠಾರಿಯನ್ನು ಬಿಟ್ಟರೆ ಬೇರೆ ಆಯುಧವಿರಲಿಲ್ಲ, ಕ್ಲೆರಿಕ್ ಅಲಗುಳ್ಳ ಆಯುಧವನ್ನು ಹಿಡಿಯುವಂತಿರಲಿಲ್ಲ. ಹಾಗಾಗಿ ಮಾಂತ್ರಿಕ ಖಡ್ಗಗಳೆಲ್ಲ ಹೋರಾಟಗಾರನ ಪಾಲಿಗೇ ಬರುತ್ತಿದ್ದವು. ಮಂತ್ರವಾದಿ ಲೆವೆಲ್ ಏರಿದಂತೆಲ್ಲ ಹೊಸ ಹೊಸ ಮಂತ್ರಗಳನ್ನು ಪಡೆಯುತ್ತಿದ್ದನು, ಹೋರಾಟಗಾರನಿಗೆ ಅಂಥದ್ದೇನೂ ಇರಲಿಲ್ಲ, ಆ ಕೊರತೆಯನ್ನು ಬಹುಮಟ್ಟಿಗೆ ಖಡ್ಗಗಳು ತುಂಬುತ್ತಿದ್ದವು. ಆ ಖಡ್ಗಗಳಲ್ಲಿ ಕೆಲವಕ್ಕೆ ಸ್ವಂತ ಬುದ್ಧಿಯೂ ಅಹಂಕಾರವೂ ಧರ್ಮಾಧರ್ಮಗಳ ಒಲವೂ ಇದ್ದವು. ಒಲವು ಹೊಂದದವನು ಮುಟ್ಟಿದರೆ ಅವು ಅವನಿಗೆ ಪೆಟ್ಟು ಕೊಡುತ್ತಿದ್ದವು. ಅಂದರೆ ನಿರ್ಬಂಧ ಎಂಬುದು ಒಬ್ಬರಿಗೆ ಬೇಲಿಯಾಗಿ ಕಂಡರೂ ಇನ್ನೊಬ್ಬರಿಗೆ ಅದೇ ಪಾಲು.

ನಿಮ್ಮ ಖಡ್ಗದ ವಿಷಯಕ್ಕೇ ಬಂದರೆ, 2000ದಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ಹೋಲಿ ಅವೆಂಜರ್ ಯಾರ ಕೈಯಲ್ಲಾದರೂ +2 ಖಡ್ಗವಾಗಿ (ದಾಳಿಯ ದಾಳಕ್ಕೂ ಪೆಟ್ಟಿಗೂ 2 ಸೇರಿಸುತ್ತಾ) ಕೆಲಸ ಮಾಡುತ್ತಿತ್ತು, ಪ್ಯಾಲಡಿನ್ ಹಿಡಿದಾಗ ಮಾತ್ರ +5 ಆಗಿ ಅದರ ಪೂರ್ಣ ಶಕ್ತಿ ಹೊರಬರುತ್ತಿತ್ತು. ಅದಕ್ಕೂ ಹಿಂದಿನ ಅಡ್ವಾನ್ಸ್‌ಡ್ ಆವೃತ್ತಿಯಲ್ಲೂ ಹೀಗೇ ಎರಡು ಮಟ್ಟಗಳಿದ್ದವು. 2014ರ ನಿಯಮದಲ್ಲಿ ಈ ಮಧ್ಯದ ಮೆಟ್ಟಿಲನ್ನು ತೆಗೆದುಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಅದು ನಷ್ಟ. ಆ ಮೆಟ್ಟಿಲನ್ನು ಮರಳಿ ಇಟ್ಟರೆ ನಿಮ್ಮ ಸಮಸ್ಯೆ ಅರ್ಧ ಬಗೆಹರಿಯುತ್ತದೆ: ಫೈಟರ್ ಹಿಡಿದರೆ +1 ಅಥವಾ +2, ಉಳಿದ ಶಕ್ತಿ ಮಲಗಿರಲಿ.

ಇನ್ನೊಂದು ಮಾತು. ನಿಮ್ಮ ರೋಗ್ ಥೀಫ್ ಉಪವರ್ಗದವರಾಗಿದ್ದರೆ, 2014ರ ನಿಯಮದಂತೆ ಹದಿಮೂರನೆಯ ಲೆವೆಲ್‌ನಲ್ಲಿ ಅವರಿಗೆ ಮಾಂತ್ರಿಕ ವಸ್ತುಗಳ ವರ್ಗ, ಕುಲ, ಲೆವೆಲ್‌ಗಳ ಷರತ್ತುಗಳೆಲ್ಲ ಲೆಕ್ಕಕ್ಕಿಲ್ಲದಂತಾಗುತ್ತವೆ. ಹೋಲಿ ಅವೆಂಜರ್ ಯಾವ ಬಗೆಯ ಖಡ್ಗವಾದರೂ ಆಗಬಹುದು. ನೀವು ಅದನ್ನು ರೇಪಿಯರ್ (ತೆಳುವಾದ ಚುಚ್ಚುಗತ್ತಿ) ಎಂದು ವರ್ಣಿಸಿದ್ದರೆ, ಇನ್ನೆರಡು ಲೆವೆಲ್ ಕಳೆಯುವಷ್ಟರಲ್ಲಿ ಕಳ್ಳನೊಬ್ಬ ಅತ್ಯಂತ ಪವಿತ್ರ ಖಡ್ಗವನ್ನು ನ್ಯಾಯವಾಗಿಯೇ ಹಿಡಿಯುತ್ತಾನೆ.

ಕುಂದಾಪುರದ ಯಕ್ಷಾಭಿಮಾನಿ ಬರೆದದ್ದು:

ಖಡ್ಗವೊಂದು ಯಾರಿಗೆ ಒಲಿಯುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ನಮಗೆ ಮಹಾಭಾರತದ ಅಸ್ತ್ರಗಳ ಕಥೆ ಗೊತ್ತೇ ಇದೆ. ಆ ಅಸ್ತ್ರಗಳ ಒಂದೊಂದು ಷರತ್ತೂ ಆಟದ ನಿಯಮವಾಗಬಲ್ಲದು.

ಕರ್ಣ ತಾನು ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮರಿಂದ ಬ್ರಹ್ಮಾಸ್ತ್ರವನ್ನು ಕಲಿತನು. ಗುಟ್ಟು ಹೊರಬಿದ್ದಾಗ ಗುರುಗಳು ಅಸ್ತ್ರವನ್ನು ಅಲ್ಲಿಯೇ ಕಿತ್ತುಕೊಳ್ಳಲಿಲ್ಲ, ಸರಿಸಮಾನನೊಡನೆ ಸಾವು ಬದುಕಿನ ಯುದ್ಧ ಮಾಡುವಾಗ ಅದು ನೆನಪಿಗೆ ಬಾರದಿರಲಿ ಎಂದು ಶಪಿಸಿದರು. ಕಥೆಯ ದೃಷ್ಟಿಯಿಂದ ಇದು ಎಷ್ಟು ದೊಡ್ಡದು ನೋಡಿ. ನಿರ್ಬಂಧವನ್ನು ಮೀರಿ ಪಡೆದದ್ದು ವರ್ಷಗಟ್ಟಲೆ ಕೈಯಲ್ಲಿ ಉಳಿಯುತ್ತದೆ, ಆದರೆ ಅದರ ಸಾಲ ಎಂದು ತೀರಿಸಬೇಕಾಗುತ್ತದೆ ಎಂಬುದು ಪಡೆದವನಿಗೆ ಗೊತ್ತಿರುತ್ತದೆ. ಅಶ್ವತ್ಥಾಮನದ್ದು ಇನ್ನೊಂದು ಬಗೆ. ಅವನಿಗೆ ಬ್ರಹ್ಮಶಿರೋಸ್ತ್ರವನ್ನು ಬಿಡಲು ತಿಳಿದಿತ್ತು, ಹಿಂದೆಗೆಯಲು ಶಕ್ತಿಯಿರಲಿಲ್ಲ. ವ್ರತನಿಷ್ಠನಾದ ಅರ್ಜುನ ತನ್ನದನ್ನು ಹಿಂದೆಗೆದುಕೊಂಡನು. ಇಲ್ಲಿ ಒಂದೇ ಅಸ್ತ್ರ, ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು, ವ್ಯತ್ಯಾಸ ಇರುವುದು ಹಿಡಿತದಲ್ಲಿ. ಅದೇ ಅರ್ಜುನ ಕೃಷ್ಣನ ನಿರ್ಯಾಣದ ನಂತರ ದ್ವಾರಕೆಯ ಸ್ತ್ರೀಯರನ್ನು ಕರೆತರುವಾಗ, ದಾರಿಗಳ್ಳರ ಎದುರು ಗಾಂಡೀವಕ್ಕೆ ಹೆದೆಯೇರಿಸಲು ಹೆಣಗಿದನು, ಅಸ್ತ್ರಗಳು ನೆನಪಿಗೆ ಬರಲಿಲ್ಲ. ಕೊನೆಗೆ ಅಗ್ನಿಯ ಮಾತಿನಂತೆ ಆ ಬಿಲ್ಲನ್ನು ವರುಣನಿಗೆ ಹಿಂದಿರುಗಿಸಿ ನೀರಿಗೆ ಬಿಟ್ಟನು. ವಸ್ತುವಿಗೂ ಒಂದು ಅವಧಿ ಇದೆ, ಯಾವ ಕಾರ್ಯಕ್ಕಾಗಿ ಅದು ಬಂತೋ ಆ ಕಾರ್ಯ ಮುಗಿದ ಮೇಲೆ ಹೊಂದಿಕೆಯೂ ಮುಗಿಯುತ್ತದೆ.

ಈ ಮೂರರಲ್ಲಿ ಎಲ್ಲಿಯೂ "ನೀನು ಹಿಡಿಯುವಂತಿಲ್ಲ" ಎಂದಷ್ಟೇ ಹೇಳಿ ಕಥೆಯನ್ನು ನಿಲ್ಲಿಸಿಲ್ಲ. ಹಿಡಿದರೆ ಏನಾಗುತ್ತದೆ ಎಂದು ಹೇಳಿ ಕಥೆಯನ್ನು ಮುಂದಕ್ಕೆ ಕೊಂಡೊಯ್ದಿದ್ದಾರೆ. ಬಡಗುತಿಟ್ಟಿನ (ಉತ್ತರದ ಶೈಲಿಯ ಯಕ್ಷಗಾನದ) ಮುಂಡಾಸನ್ನು ಹೊಸಬನ ತಲೆಗೆ ಕಟ್ಟಬಾರದೆಂದು ಯಾರೂ ತಡೆಯುವುದಿಲ್ಲ, ಆದರೆ ಅದನ್ನು ಹೊತ್ತು ದಿಗಿಣ (ನೆಗೆತದ ಕುಣಿತ) ಹಾಕಲು ಹೊರಟಾಗ ಅವನ ಅಭ್ಯಾಸ ಎಷ್ಟೆಂಬುದು ರಂಗದ ಮೇಲೆ ತಾನಾಗಿಯೇ ತಿಳಿಯುತ್ತದೆ. ನಿಮ್ಮ ಖಡ್ಗಕ್ಕೂ ಅಂಥದ್ದೇ ಒಂದು ಷರತ್ತನ್ನು ಯೋಚಿಸಿ ಎಂದು ನನ್ನ ವಿನಂತಿ.

ಕೊಡಿಯಾಲಬೈಲಿನ ವಾಚಕಿ ಬರೆದದ್ದು:

ಯಕ್ಷಾಭಿಮಾನಿಯವರ ಮಾತು ಮನಸ್ಸಿಗೆ ಹಿಡಿಸಿತು. ಆದರೆ ಅವರು ಕೊಟ್ಟ ಮೊದಲ ಉದಾಹರಣೆಯಲ್ಲಿಯೇ ನನಗೆ ಬಹುಕಾಲದಿಂದ ಕಾಡುವ ವಿಷಯವೊಂದಿದೆ. ಕರ್ಣನಿಗೆ ಅಡ್ಡ ಬಂದದ್ದು ಅವನ ಯೋಗ್ಯತೆಯಲ್ಲ, ಹುಟ್ಟು. ನಮ್ಮ ಆಟಗಳಲ್ಲಿ "ಕುಬ್ಜರಿಗೆ ಮಾತ್ರ", "ಎಲ್ಫ್‌ಗಳಿಗೆ ಮಾತ್ರ" ಎಂಬ ಷರತ್ತುಗಳನ್ನು ಪಾಶ್ಚಾತ್ಯ ಆಟಗಾರರು ಬಹುಶಃ ಬಣ್ಣದ ವಿವರವೆಂದು ಓದುತ್ತಾರೆ. ಕನಕನ ಕಿಂಡಿಯ ಕಥೆಯನ್ನು ಕೇಳುತ್ತಾ ಬೆಳೆದ ಊರಿನಲ್ಲಿ ಕುಳಿತು ಅದನ್ನು ಹಾಗೆ ಓದಲು ನನಗೆ ಸಾಧ್ಯವಾಗುವುದಿಲ್ಲ. ನಮ್ಮ ಮೇಜಿನಲ್ಲಿ ಒಮ್ಮೆ ಡ್ವಾರ್ವನ್ ಥ್ರೋವರ್ ಸುತ್ತಿಗೆ ಸಿಕ್ಕಿತು. ಪುಸ್ತಕದಂತೆ ಅದು ಕುಬ್ಜನಿಗೆ ಮಾತ್ರ ಒಲಿಯುತ್ತದೆ. ಕುಬ್ಜರ ಕುಲುಮೆಯಲ್ಲಿ ಬೆಳೆದು, ಅವರ ಭಾಷೆಯನ್ನೇ ಆಡುವ ಮಾನವ ಪಾತ್ರವೊಂದು ಗುಂಪಿನಲ್ಲಿತ್ತು. ಅದನ್ನು ಆಡುತ್ತಿದ್ದ ಹುಡುಗಿ, "ನನ್ನನ್ನು ಸಾಕಿದವರು ಮಾಡಿದ ಸುತ್ತಿಗೆ ನನ್ನನ್ನು ಗುರುತಿಸುವುದಿಲ್ಲವೇ?" ಎಂದು ಕೇಳಿದಳು. ಡಿಎಂ ಆಗಿದ್ದ ನಾನು ಗುರುತಿಸುತ್ತದೆ ಎಂದೆ. ಇಂದಿಗೂ ಹಾಗೆಯೇ ಹೇಳುತ್ತೇನೆ.

ಎಲ್ಲ ಜನ್ಮಮೂಲದ ನಿರ್ಬಂಧಗಳನ್ನೂ ಅಳಿಸಬೇಕೆಂದು ನನ್ನ ವಾದವಲ್ಲ. ಕಥೆಯಲ್ಲಿ ಅನ್ಯಾಯವಿರಬಹುದು, ಇದ್ದರೆ ಅದು ಅನ್ಯಾಯವೆಂದು ಮೇಜಿನಲ್ಲಿ ಕುಳಿತ ಎಲ್ಲರಿಗೂ ತಿಳಿದಿರಬೇಕು ಮತ್ತು ಅದರ ವಿರುದ್ಧ ಪಾತ್ರಗಳು ಏನಾದರೂ ಮಾಡುವ ದಾರಿಯಿರಬೇಕು. ಸುತ್ತಿಗೆ ಮಾಡಿದವನು ಯಾಕೆ ಹಾಗೆ ಬೀಗ ಹಾಕಿದನು, ಯಾರಿಗೆ ಹೆದರಿ ಹಾಕಿದನು ಎಂಬುದಕ್ಕೆ ಉತ್ತರವಿದ್ದರೆ ನಿರ್ಬಂಧ ಕಥೆಯ ಭಾಗವಾಗುತ್ತದೆ. ಉತ್ತರವಿಲ್ಲದಿದ್ದರೆ ಅದನ್ನು ಉಳಿಸಿಕೊಳ್ಳುವ ಕಾರಣ ನನಗೆ ಕಾಣುವುದಿಲ್ಲ.

ಹೊಸ ಸದಸ್ಯ, ಬಂಟ್ವಾಳ ಬರೆದದ್ದು:

ದೈವದ ಭಂಡಾರದ ವಸ್ತುಗಳನ್ನು ಮುಟ್ಟುವುದಕ್ಕೂ ನಮ್ಮಲ್ಲಿ ಕಟ್ಟುಪಾಡುಗಳಿವೆ. ಕಡ್ಸಲೆ (ದೈವದ ಕತ್ತಿ), ಗಗ್ಗರ (ಕಾಲಿಗೆ ಕಟ್ಟುವ ಗೆಜ್ಜೆ) ಇವುಗಳನ್ನೇ ಆಟದಲ್ಲಿ ಮಾಂತ್ರಿಕ ವಸ್ತುಗಳಾಗಿ ತಂದರೆ ನಿರ್ಬಂಧಕ್ಕೆ ನಮ್ಮದೇ ಮಣ್ಣಿನ ಅರ್ಥ ಬರುವುದಿಲ್ಲವೇ?

ಮೂಡುಬಿದಿರೆಯ ಆಟಗಾರ್ತಿ ಬರೆದದ್ದು:

ನಿಮ್ಮ ಉದ್ದೇಶ ಒಳ್ಳೆಯದೆಂದು ನಂಬುತ್ತೇನೆ, ಆದರೂ ದಯವಿಟ್ಟು ಬೇಡ. ನಮ್ಮ ಕುಟುಂಬದಲ್ಲಿ ವರ್ಷಕ್ಕೊಮ್ಮೆ ದೈವದ ನೇಮ (ಆರಾಧನೆಯ ಉತ್ಸವ) ನಡೆಯುತ್ತದೆ. ಆ ವಸ್ತುಗಳ ಮುಂದೆ ಕೈಮುಗಿದು ನಿಲ್ಲುವ ಹಿರಿಯರು ನಮ್ಮ ಮನೆಯಲ್ಲೇ ಇದ್ದಾರೆ. ಅವುಗಳಿಗೆ +1, +2 ಎಂದು ಅಂಕಿ ಹಾಕಿ ದಾಳ ಉರುಳಿಸುವುದು ನನ್ನಿಂದಾಗದು, ಇದೇ ಭಾವನೆಯ ಆಟಗಾರರು ನಿಮ್ಮ ಮೇಜಿನಲ್ಲಿಯೂ ಇರಬಹುದು. ಇನ್ನೊಂದನ್ನೂ ಗಮನಿಸಬೇಕು: ಯಾರು ಭಂಡಾರ ಹೊರಬೇಕು, ಯಾರು ಗಗ್ಗರ ಕಟ್ಟಬೇಕು ಎಂಬ ಕಟ್ಟುಪಾಡುಗಳು ಮನೆತನ, ಸಮುದಾಯಗಳ ಬದುಕಿನೊಡನೆ ಬೆಸೆದುಕೊಂಡಿವೆ. ಅದನ್ನು ಆಟದ ಸರಕಾಗಿ ಹಗುರವಾಗಿ ಎತ್ತಿಕೊಂಡರೆ ವಾಚಕಿಯವರು ಹೇಳಿದ ತೊಡಕೇ ಇನ್ನಷ್ಟು ಹತ್ತಿರ ಬರುತ್ತದೆ. ಹೊಣೆ, ಹರಕೆ, ಕೊಟ್ಟ ಮಾತು ಎಂಬ ಭಾವಗಳನ್ನು ತೆಗೆದುಕೊಳ್ಳಿ, ವಸ್ತುಗಳನ್ನೂ ಹೆಸರುಗಳನ್ನೂ ಹೊಸದಾಗಿ ಕಟ್ಟಿ.

ಹೊಸ ಸದಸ್ಯ, ಬಂಟ್ವಾಳ ಬರೆದದ್ದು:

ಒಪ್ಪಿದೆ, ಅಕ್ಕಾ. ಹಾಗೆಯೇ ಮಾಡುತ್ತೇನೆ.

ಸುರತ್ಕಲ್ ದೀಪಸ್ತಂಭ ಬರೆದದ್ದು:

ಮೇಲಿನ ಮಾತುಗಳೆಲ್ಲ ಸೇರಿ ಒಂದು ವಸ್ತುವಿನಲ್ಲಿ ಹೇಗೆ ಕಾಣಬಹುದು ಎಂಬುದಕ್ಕೆ ನಾನು ನಮ್ಮ ಗುಂಪಿಗಾಗಿ ಬರೆದ ಚೀಟಿಯೊಂದನ್ನು ಇಲ್ಲಿ ಹಾಕುತ್ತಿದ್ದೇನೆ. ವಸ್ತು ಸಿಕ್ಕಿ, ಅದನ್ನು ಪಾತ್ರಗಳು ಪರೀಕ್ಷಿಸಿದ ಕೂಡಲೇ ಈ ಚೀಟಿಯನ್ನು ಆಟಗಾರರ ಕೈಗೆ ಕೊಡುತ್ತೇನೆ, ಏನನ್ನೂ ಮುಚ್ಚಿಡುವುದಿಲ್ಲ.

"ತೀರಗಾವಲಿನ ಕತ್ತಿ. ಮುಳುಗಿದ ಹಡಗೊಂದರ ಸರಪಳಿಯನ್ನು ಕರಗಿಸಿ ಮಾಡಿದ್ದು. ಯಾರು ಹಿಡಿದರೂ +1. ನೀರಿಗೆ ಬಿದ್ದವರನ್ನು, ಶತ್ರುವಾದರೂ ಸರಿ, ಬಿಟ್ಟು ಹೋಗುವುದಿಲ್ಲ ಎಂದು ಕಡಲಿನ ಎದುರು ಮಾತು ಕೊಟ್ಟವರಿಗೆ +2. ಅವರಿಗೆ ನೀರಿನಡಿಯಲ್ಲಿ ಉಸಿರಾಟ ಸಾಧ್ಯ, ಅಲಗು ಕತ್ತಲಲ್ಲಿ ಬೆಳಗುತ್ತದೆ. ಮಾತು ತಪ್ಪಿದರೆ ಮರುದಿನ ಸೂರ್ಯೋದಯದವರೆಗೆ ಕತ್ತಿ ತೂಕವಾಗಿ, ಅದರಿಂದ ಮಾಡುವ ಪ್ರತಿ ದಾಳಿಗೂ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಎಸೆದು ಕಡಿಮೆಯದನ್ನು ಹಿಡಿಯುವುದು). ಮೂರನೆಯ ಬಾರಿ ತಪ್ಪಿದರೆ ಕತ್ತಿ ಕಡಲಿಗೆ ಮರಳುತ್ತದೆ."

ಇದರಲ್ಲಿ ವರ್ಗದ ಹೆಸರಿಲ್ಲ, ಕುಲದ ಹೆಸರಿಲ್ಲ. ಆದರೂ ನಿರ್ಬಂಧ ಬಿಗಿಯಾಗಿಯೇ ಇದೆ. ನಮ್ಮ ಫೈಟರ್ ಮಾತು ಕೊಟ್ಟು ಇದನ್ನು ಹಿಡಿದರು. ಕಡಲ್ಗಳ್ಳರ ನಾಯಕ ಸೋತು ನೀರಿಗೆ ಹಾರಿದಾಗ ಗುಂಪಿನವರೆಲ್ಲ ಬಿಟ್ಟುಬಿಡಿ ಎಂದರೂ, ಅವರು ಕವಚ ಕಳಚಲು ಎಷ್ಟು ಸುತ್ತು ಬೇಕಾಗುತ್ತದೆ ಎಂದು ನನ್ನನ್ನು ಕೇಳಿದರು. ಚೈನ್ ಮೇಲ್ ಕಳಚಲು ಪುಸ್ತಕದಂತೆ ಐದು ನಿಮಿಷ ಬೇಕು, ಅಷ್ಟು ಹೊತ್ತು ಇರಲಿಲ್ಲ. ಕವಚ ಸಮೇತವೇ ಹಾರಿದರು. ಆ ನಾಯಕ ಇಂದು ನಮ್ಮ ಕಥೆಯಲ್ಲಿ ಬದುಕಿದ್ದಾನೆ, ಯಾರ ಪಕ್ಷ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕದ್ರಿಯ ನಿಯಮಪ್ರಿಯ ಬರೆದದ್ದು:

ಚೀಟಿ ಬಹಳ ಚೆನ್ನಾಗಿದೆ, ಅದರಲ್ಲೂ ಷರತ್ತನ್ನು ಮೊದಲೇ ಬಿಚ್ಚಿಟ್ಟದ್ದು ಸರಿಯಾದ ಕ್ರಮ. ಬೆಲೆ ಎಷ್ಟೆಂದು ತಿಳಿಯದೆ ಕೊಟ್ಟ ಮಾತು ಆಯ್ಕೆ ಎನಿಸಿಕೊಳ್ಳುವುದಿಲ್ಲ.

ಆದರೆ ಎಲ್ಲ ವಸ್ತುಗಳಿಗೂ ಹೀಗೆ ಪ್ರತಿಜ್ಞೆಗಳನ್ನು ಬರೆಯುತ್ತಾ ಹೋದರೆ ಎರಡು ತೊಡಕುಗಳು ಬರುತ್ತವೆ. ಮೊದಲನೆಯದು ನೆನಪಿನ ಭಾರ. ನಾಲ್ಕು ಪಾತ್ರಗಳು, ತಲಾ ಮೂರು ವಸ್ತುಗಳು ಎಂದರೆ ಹನ್ನೆರಡು ಪ್ರತಿಜ್ಞೆಗಳಾದವು, ಯಾರು ಲೆಕ್ಕವಿಡುತ್ತಾರೆ? ಎರಡನೆಯದು ಇನ್ನೂ ಮುಖ್ಯವಾದುದು. ವರ್ಗದ ಷರತ್ತು ಹೋದ ಕೂಡಲೇ ಎಲ್ಲ ಒಳ್ಳೆಯ ವಸ್ತುಗಳೂ ಅವುಗಳಿಂದ ಹೆಚ್ಚು ಪ್ರಯೋಜನ ಪಡೆಯುವ ಒಂದೇ ಪಾತ್ರದ ಕಡೆಗೆ ಹರಿಯತೊಡಗುತ್ತವೆ. ಮೂರೇ ವಸ್ತುಗಳಿಗೆ ಅಟ್ಯೂನ್ ಆಗಬಹುದೆಂಬ ಮಿತಿ ಇದನ್ನು ಸ್ವಲ್ಪ ತಡೆಯುತ್ತದೆ. ಇಂಥದ್ದೇ ಇನ್ನೊಂದು ಆಟವಾದ ಪಾಥ್‌ಫೈಂಡರ್‌ನ 2019ರ ಎರಡನೆಯ ಆವೃತ್ತಿಯಲ್ಲಿ ಧರಿಸುವ ವಸ್ತುಗಳಿಗೆ ದಿನಕ್ಕೆ ಹತ್ತು ಎಂಬ ಮಿತಿ ಇಟ್ಟು, ಯಾರು ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಎಷ್ಟು ಎಂಬ ಪ್ರಶ್ನೆಯಾಗಿ ಬದಲಿಸಿದರು. ಲೆಕ್ಕಕ್ಕೆ ಅದು ಸುಲಭ, ಆದರೆ "ಇದು ನನಗಾಗಿಯೇ ಬಂದದ್ದು" ಎಂಬ ಸಂತೋಷ ಅದರಿಂದ ಸಿಗುವುದಿಲ್ಲ. ವಿಝಾರ್ಡ್‌ಗೆ ಮಾತ್ರ ಸಲ್ಲುವ ದಂಡವೊಂದು ಪೆಟ್ಟಿಗೆಯಿಂದ ಹೊರಬಂದಾಗ ವಿಝಾರ್ಡ್ ಆಡುವವರ ಮುಖವನ್ನು ನೋಡಿದ್ದೀರಲ್ಲ? ಹಂಚಿಕೆಯ ಜಗಳವೇ ಇರುವುದಿಲ್ಲ. ಹಾಗಾಗಿ ಬಹುಪಾಲು ವಸ್ತುಗಳಿಗೆ ಪುಸ್ತಕದ ಷರತ್ತೇ ಸಾಕು, ಕಥೆಯ ನಡುಗಂಬವಾದ ಒಂದೆರಡಕ್ಕೆ ಮಾತ್ರ ವಿಶೇಷ ಷರತ್ತು ಇರಲಿ.

ಇನ್ನು ನಿರ್ಬಂಧವನ್ನು ಮೀರಲು ದಾಳದ ದಾರಿ. ಮೂರನೆಯ ಆವೃತ್ತಿಯ ಯೂಸ್ ಮ್ಯಾಜಿಕ್ ಡಿವೈಸ್ (ಮಾಂತ್ರಿಕ ವಸ್ತು ಬಳಸುವ) ಕೌಶಲದಲ್ಲಿ ದಂಡವನ್ನು ಚಾಲೂ ಮಾಡಲು 20, ಬೇರೆ ಕುಲದವನೆಂದು ನಂಬಿಸಲು 25, ಬೇರೆ ಧರ್ಮದೊಲವಿನವನೆಂದು ನಂಬಿಸಲು 30 ಬೇಕಾಗುತ್ತಿತ್ತು. ಕೌಶಲ +8 ಇದ್ದವರು ದಂಡಕ್ಕೆ ಇಪ್ಪತ್ತು ಮುಖದ ದಾಳದಲ್ಲಿ 12 ಅಥವಾ ಹೆಚ್ಚು ಎಸೆಯಬೇಕು, ಅಂದರೆ ನೂರಕ್ಕೆ 45ರಷ್ಟು ಸಾಧ್ಯತೆ. 1 ಬಿದ್ದು ಸೋತರೆ ಆ ವಸ್ತುವನ್ನು 24 ಗಂಟೆ ಮತ್ತೆ ಪ್ರಯತ್ನಿಸುವಂತಿಲ್ಲ. ಕರ್ಣನ ಕಥೆಯನ್ನು ಓದಿದ ಮೇಲೆ ಈ ನಿಯಮದಲ್ಲಿ ನನಗೊಂದು ಕೊರತೆ ಕಾಣುತ್ತದೆ: ಗೆದ್ದರೆ ಬೆಲೆಯೇ ಇಲ್ಲ.

ಕುಂದಾಪುರದ ಯಕ್ಷಾಭಿಮಾನಿ ಬರೆದದ್ದು:

ಕೊನೆಯ ವಾಕ್ಯಕ್ಕೆ ನನ್ನ ಪೂರ್ಣ ಸಹಮತವಿದೆ. ವಂಚಿಸಿ ಗೆದ್ದ ಪ್ರತಿ ಸಲವೂ ಒಂದು ಗುರುತು ಬೀಳಲಿ. ಆ ಗುರುತುಗಳು ಎಷ್ಟಿವೆಯೋ ಅಷ್ಟು ಸಲ, ಕಥೆಯ ನಿರ್ಣಾಯಕ ಯುದ್ಧದಲ್ಲಿ ವಸ್ತು ಮೌನವಾಗಬಹುದು ಎಂದಿಡಿ. ಡಿಎಂ ಮನಬಂದಾಗ ಅದನ್ನು ಬಳಸುವಂತಾಗಬಾರದು, ಗುರುತುಗಳು ಆಟಗಾರರ ಹಾಳೆಯ ಮೇಲೆಯೇ ಕಾಣುವಂತಿರಲಿ.

ಕೊಡಿಯಾಲಬೈಲಿನ ವಾಚಕಿ ಬರೆದದ್ದು:

ಉಪಯೋಗಕ್ಕೆ ಬಾರದ ವಸ್ತುವಿಗೂ ಒಂದು ಉಪಯೋಗವಿದೆ ಎಂಬುದನ್ನು ಯಾರೂ ಹೇಳಲಿಲ್ಲ. ಗುಂಪಿಗೆ ಸಿಕ್ಕಿದ್ದೆಲ್ಲವೂ ಗುಂಪಿನವರ ಅಳತೆಗೇ ಹೊಲಿದಂತಿದ್ದರೆ ಆ ಲೋಕ ಅವರಿಗಾಗಿಯೇ ಮಾಡಿದ ಅಂಗಡಿಯಂತಾಗಿಬಿಡುತ್ತದೆ. ಈ ಖಡ್ಗವನ್ನು ಕಳೆದುಕೊಂಡ ಪ್ಯಾಲಡಿನ್‌ಗಳ ಪಂಥವೊಂದು ಎಲ್ಲೋ ಇರಬೇಕಲ್ಲವೇ? ಅವರಿಗೆ ಹಿಂದಿರುಗಿಸಿದರೆ ಬರುವ ಋಣ, ಅವರ ಶತ್ರುಗಳು ಕೊಡಲು ಮುಂದಾಗುವ ಹಣ, ಬಚ್ಚಿಟ್ಟುಕೊಂಡರೆ ಎದುರಾಗುವ ಅನುಮಾನ, ಇವು ಮೂರೂ ಫೈಟರ್‌ಗೆ ಸಿಗುವ +2ಕ್ಕಿಂತ ದೊಡ್ಡ ವಿಷಯಗಳು.

ಮಣಿಪಾಲದ ಡಿಎಂ ಬರೆದದ್ದು:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಮಾತುಗಳನ್ನು ಗುಂಪಿನವರಿಗೂ ಓದಿ ಹೇಳಿ, ಎಲ್ಲರೂ ಕುಳಿತು ಹೀಗೆ ನಿರ್ಧರಿಸಿದ್ದೇವೆ.

ಖಡ್ಗ ಯಾರ ಕೈಯಲ್ಲಾದರೂ +1 ಆಗಿರುತ್ತದೆ. ದೆವ್ವಗಳ ಮತ್ತು ಸತ್ತೆದ್ದವರ ಮೇಲೆ ಅದು ಕೊಡುವ ಹೆಚ್ಚುವರಿ 2ಡಿ10 (ಹತ್ತು ಮುಖದ ಎರಡು ದಾಳಗಳ) ಪೆಟ್ಟನ್ನು ಪ್ಯಾಲಡಿನ್ ಅಲ್ಲದವರೂ ಎಬ್ಬಿಸಬಹುದು, ಆದರೆ ಪ್ರತಿ ಸಲವೂ ಒಂದು ಹಿಟ್ ಡೈಸ್ (ವಿಶ್ರಾಂತಿಯಲ್ಲಿ ಚೇತರಿಸಿಕೊಳ್ಳಲು ಬಳಸುವ ದಾಳ) ವ್ಯಯವಾಗುತ್ತದೆ, ಹಾಳೆಯ ಮೇಲೆ ಒಂದು ಗುರುತೂ ಬೀಳುತ್ತದೆ. ಸುತ್ತಲಿನ ಹತ್ತು ಅಡಿಯಲ್ಲಿ ಗೆಳೆಯರಿಗೆ ಮಂತ್ರಗಳಿಂದ ರಕ್ಷಣೆ ಕೊಡುವ ಪ್ರಭಾವಲಯ ಮಾತ್ರ ಪ್ರತಿಜ್ಞೆ ಸ್ವೀಕರಿಸಿದವರಿಗೇ ಮೀಸಲು. ಆ ಪ್ರತಿಜ್ಞೆ ಏನೆಂಬುದನ್ನು ಬರೆಯಲು ಬೆಂಗಳೂರಿಗೆ ಹೋದ ಗೆಳೆಯರನ್ನೇ ಕೇಳಿಕೊಂಡೆವು, ಏಕೆಂದರೆ ಅವರ ಪಾತ್ರ ನಂಬಿದ್ದೇನು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವರು ಫೋನಿನಲ್ಲಿ ಹೇಳಿ ಬರೆಸಿದ್ದು ಇಷ್ಟು: "ನನ್ನನ್ನು ನಂಬಿ ಹಿಂದೆ ನಿಂತವರಿಗಿಂತ ಮೊದಲು ನಾನು ಹಿಂದೆ ಸರಿಯುವುದಿಲ್ಲ." ಫೈಟರ್ ಆಡುವವರು ಇದನ್ನು ಸ್ವೀಕರಿಸುವುದೋ ಬೇಡವೋ ಎಂದು ಇನ್ನೂ ಹೇಳಿಲ್ಲ, ಯೋಚಿಸಲು ಮುಂದಿನ ಭಾನುವಾರದವರೆಗೆ ಸಮಯ ಕೇಳಿದ್ದಾರೆ.

ವಾಚಕಿಯವರು ಹೇಳಿದ ಪಂಥವೂ ಬರುತ್ತದೆ. ಉಳಿದದ್ದು ಒಂದೇ ಪ್ರಶ್ನೆ: ರೋಗ್ ಹದಿಮೂರನೆಯ ಲೆವೆಲ್ ಮುಟ್ಟಿದಾಗ ಏನು ಮಾಡುವುದು? ಅವರು ಥೀಫ್ ಉಪವರ್ಗದವರೇ.

ಕದ್ರಿಯ ನಿಯಮಪ್ರಿಯ ಬರೆದದ್ದು:

ಪುಸ್ತಕ ಕೊಟ್ಟ ಹಕ್ಕನ್ನು ಕಿತ್ತುಕೊಳ್ಳಬೇಡಿ. ಆ ಲೆವೆಲ್‌ಗಾಗಿ ಅವರು ಕಾದಿದ್ದಾರೆ, ಅವರ ವರ್ಗದ ಹೆಮ್ಮೆಯೇ ಅದು. ವರ್ಗದ ಷರತ್ತು ಅವರಿಗೆ ಅನ್ವಯಿಸುವುದಿಲ್ಲ, ಹಾಗಾಗಿ ಹಿಟ್ ಡೈಸ್‌ನ ವೆಚ್ಚವೂ ಬೇಡ, ಗುರುತೂ ಬೇಡ. ಆದರೆ ಪ್ರತಿಜ್ಞೆ ಎಂಬುದು ವರ್ಗವೂ ಅಲ್ಲ, ಕುಲವೂ ಅಲ್ಲ, ಲೆವೆಲ್ಲೂ ಅಲ್ಲ. ಪ್ರಭಾವಲಯ ಬೇಕಿದ್ದರೆ ಅವರೂ ಮಾತು ಕೊಡಲೇಬೇಕು. ಇದನ್ನು ಈಗಲೇ ಅವರಿಗೆ ತಿಳಿಸಿ, ಹದಿಮೂರನೆಯ ಲೆವೆಲ್‌ವರೆಗೆ ಕಾಯಬೇಡಿ.

ಮಣಿಪಾಲದ ಡಿಎಂ ಬರೆದದ್ದು:

ಇವತ್ತೇ ತಿಳಿಸುತ್ತೇನೆ.